ಸುಣ್ಣ ಸಾಲದ ಪೀಪಾಯಿ

ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ, ನೀರಿನ ಮೇಲುಗಡೆಯೇ ಮುಳುಗುವಷ್ಟು ಇಳಿಬಿಡಬೇಕು ಎಂದು ರೈಟರ್ ಗುರುವಯ್ಯ ಹೇಳಿದ್ದು ಒಂದು ಸಲವಲ್ಲ, ಹತ್ತು ಸಲ. ಮೇಸ್ತ್ರಿ ಭೂತಯ್ಯ ಹತ್ತು ಸಲವೂ ತಲೆಯಾಡಿಸಿದ್ದ. ಬೆಳಗ್ಗೆ ಬಂದು ನೋಡಿದರೆ ಪುಣ್ಯಾತ್ಮ ಅಷ್ಟನ್ನೂ ಮರದ ಪೀಪಾಯಿಯ ತಳಕ್ಕೆ ಸುರಿದು ಬೀಡಿ ಹಚ್ಚಿ ಕೂತಿದ್ದ. ನೀಲಿ ಹರಳು ಅಡಿಯಲ್ಲಿ ಕಲ್ಲಿನ ಹಾಗೆ ಬಿದ್ದಿತ್ತು. ಅದರ ಸುತ್ತಲಿನ ನೀರು ಕುಡಿಯುವಷ್ಟು ಕುಡಿದು ಭಾರವಾಗಿ ಅಲ್ಲೇ ನಿಂತಿತ್ತು. ಮೇಲಿನ ನೀರಿಗೆ ಸಮಾಚಾರವೇ ಮುಟ್ಟಿರಲಿಲ್ಲ.

“ಕಾಫಿಗೆ ಹಾಕಿದ ಬೆಲ್ಲ ಕರಗಲ್ವಾ ರೈಟ್ರೇ? ಇದೂ ಕರಗುತ್ತೆ ಬಿಡಿ,” ಎಂದ ಭೂತಯ್ಯ.

ಗುರುವಯ್ಯನಿಗೆ ಬೈಯುವುದಕ್ಕೂ ತ್ರಾಣವಿರಲಿಲ್ಲ. ಮಲ್ಲಂದೂರಿನ ಆ ಎಸ್ಟೇಟಿನಲ್ಲಿ ಮಳೆಗೆ ಮುಂಚೆ ಕಾಫಿ ಎಲೆಗೆ ಔಷಧಿ ಹೊಡೆಸುವ ಕರ್ಮ ಅವನಿಗೆ ಗಂಟುಬಿದ್ದು ಹನ್ನೊಂದು ವರ್ಷವಾಗಿತ್ತು. ಹೆಂಡತಿ ಬಾಣಂತನಕ್ಕೆಂದು ಬಣಕಲ್‌ನ ತವರಿಗೆ ಹೋಗಿದ್ದಳು. ಮಗಳು ಹುಟ್ಟಿ ಮೂರು ತಿಂಗಳಾದರೂ ಅದರ ಮುಖ ಅವನಿನ್ನೂ ಕಂಡಿರಲಿಲ್ಲ. ಸಾಹುಕಾರ ಬಸವರಾಜಪ್ಪನವರು ಸಂಜೆ ಬಂದು ಔಷಧಿ ನೋಡುವವರಿದ್ದರು. ಸರಿಯಾಗಿದ್ದರೆ ಮರುದಿನದಿಂದ ಎಂಟು ದಿನ ರಜೆ; ಸರಿಯಿಲ್ಲದಿದ್ದರೆ ರಜೆಯ ಮಾತೇ ಎತ್ತಕೂಡದು ಎಂದು ಮೊದಲೇ ಹೇಳಿಬಿಟ್ಟಿದ್ದರು.

ಇಬ್ಬರೂ ಬಿದಿರಿನ ಕೋಲು ಹಿಡಿದು ಕಲಕಿದರು. ತೋಳು ಬಿದ್ದುಹೋಯಿತೇ ಹೊರತು ಹರಳು ಕರಗಲಿಲ್ಲ. ಅಷ್ಟರಲ್ಲಿ ಪಕ್ಕದ ಎಸ್ಟೇಟಿನ ರೈಟರ್ ಚಿಕ್ಕಯ್ಯ, ಕೆಲಸವಿಲ್ಲದ ಮನುಷ್ಯ, ಬೇಲಿ ದಾಟಿ ಬುದ್ಧಿ ಹೇಳಲು ಬಂದ. ಬಿಸಿನೀರು ಹಾಕಿ ಎಂದ. ಬಚ್ಚಲ ಹಂಡೆಯ ನೀರು ತಂದು ಹುಯ್ದದ್ದಕ್ಕೆ ಮಧ್ಯಾಹ್ನದ ಹೊತ್ತಿಗೆ ಹರಳೆಲ್ಲ ಕರಗಿತು. ಚಿಕ್ಕಯ್ಯ ತಾನೇ ಕರಗಿಸಿದವನ ಹಾಗೆ ಬೀಗಿದ.

ಮುಂದಿನದು ಸುಣ್ಣ. ಸುಣ್ಣದ ನೀರು ಬೆರೆಸಿದ ಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡುವುದು ವಾಡಿಕೆ. ಸುಣ್ಣ ಸಾಲದಿದ್ದರೆ ಚಾಕುವಿಗೆ ಮೈಲುತುತ್ತದೊಳಗಿನ ತಾಮ್ರದ ಕೆಂಪು ಹತ್ತುತ್ತದೆ. ಅಂಥ ಔಷಧಿ ಹೊಡೆದರೆ ರೋಗದ ಜೊತೆಗೆ ಎಲೆಯೂ ಸುಟ್ಟುಹೋಗುತ್ತದೆ.

ಗುರುವಯ್ಯನ ಚಾಕು ಕೆಂಪಾಯಿತು. ಇನ್ನೊಂದು ಬುಟ್ಟಿ ಸುಣ್ಣ ಹಾಕಿಸಿದ. ಮತ್ತೂ ಕೆಂಪು. ಉಗ್ರಾಣದಲ್ಲಿದ್ದದ್ದು ಹೋದ ವರ್ಷದ ಸುಣ್ಣ, ಥಂಡಿ ಹಿಡಿದು ಸತ್ವ ಕಳೆದುಕೊಂಡಿತ್ತು. ಅದನ್ನೆಲ್ಲ ಗುಡಿಸಿ ಹಾಕಿದರೂ ಚಾಕು ಹಟ ಬಿಡಲಿಲ್ಲ.

ಚಿಕ್ಕಯ್ಯ ಆಳುಗಳ ಸೊಂಟದ ಕಡೆ ನೋಡಿದ. ಪ್ರತಿಯೊಬ್ಬರ ಎಲೆಅಡಿಕೆ ಚೀಲದಲ್ಲೂ ಸುಣ್ಣದ ಡಬ್ಬಿ ಇರುತ್ತದಲ್ಲ, ಅದೂ ಸುಣ್ಣವೇ ತಾನೆ ಎಂದ. ಗುರುವಯ್ಯನಿಗೆ ನಾಚಿಕೆಯಾಯಿತು. ಆದರೆ ಮಗಳ ನೆನಪಾಗಿ ಮಾನ ಬಿಟ್ಟು ಕೈಯೊಡ್ಡಿದ. ಇಪ್ಪತ್ತಮೂರು ಡಬ್ಬಿ ಬರಿದಾದವು. ಹೆಣ್ಣಾಳುಗಳ ಹಿರಿಯಳು ದೇವೀರಮ್ಮ ಮಾತ್ರ, ಬೆಳಗಿನಿಂದ ಬಾಯಿಗೆ ಎಲೆ ಹಾಕಲಿಲ್ಲ, ಈಗ ಸುಣ್ಣವೂ ಹೋಯಿತು ಎಂದು ಶಪಿಸುತ್ತ ಆಳುಗಳ ಲೈನಿನ ತನ್ನ ಮನೆಗೆ ನಡೆದಳು.

ಗುರುವಯ್ಯನ ಚಾಕುವಿನಲ್ಲಿ ಹಳೆಯ ಕೆಂಪು ಯಾವುದು, ಹೊಸದು ಯಾವುದು ಎಂದು ತಿಳಿಯದಂತಾಗಿತ್ತು. ಭೂತಯ್ಯ ಲೈನಿನ ಕಡೆ ಓಡಿ, ಯಾರದೋ ಜಗಲಿಯ ಮೇಲಿದ್ದ ಕತ್ತಿ ಎತ್ತಿಕೊಂಡು ಬಂದ. ಅದ್ದಿ ತೆಗೆದರೆ ನೀರು ಹನಿಹನಿಯಾಗಿ ಜಾರಿಹೋಯಿತು. ಕತ್ತಿ ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಗುರುವಯ್ಯನ ಕಣ್ಣಲ್ಲಿ ನೀರೇ ಬಂತು.

ಅದೇ ಹೊತ್ತಿಗೆ ಸಾಹುಕಾರರು ಬಂದರು. ತಾವೂ ಅದೇ ಕತ್ತಿ ಅದ್ದಿ, ತಿರುಗಿಸಿ ನೋಡಿ, ಇಷ್ಟು ಚೊಕ್ಕ ಕೆಲಸ ಈ ಸೀಮೆಯಲ್ಲೇ ಇಲ್ಲ ಎಂದರು. ರಜೆ ಕೊಟ್ಟಿದ್ದೇನೆ, ಮಗುವಿಗೆ ಏನಾದರೂ ಒಯ್ಯಿರಿ ಎಂದರು. ಗುರುವಯ್ಯ ಕೈಮುಗಿದು ನಿಂತ. ಹನ್ನೊಂದು ವರ್ಷದ ಆಯಾಸ ಮೈಯಿಂದ ಇಳಿದಂತಾಯಿತು.

ದೇವೀರಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಸಾಹುಕಾರರನ್ನು ಕಂಡು ದನಿ ತಗ್ಗಿಸಿದಳೇ ಹೊರತು ಸಿಟ್ಟು ತಗ್ಗಿರಲಿಲ್ಲ.

“ನನ್ ಕತ್ತಿ ಯಾಕ್ ತಂದೆ ಮಾರಾಯ?” ಎಂದು ಭೂತಯ್ಯನನ್ನು ಕೇಳಿದಳು. “ಹಲಸಿನಹಣ್ಣು ಕೊಯ್ಯಕ್ಕೆ ಅಂತ ಎಣ್ಣೆ ಸವರಿ ಇಟ್ಟಿದ್ದೆ. ಮೇಣ ಹತ್ತಬಾರ್ದಲ್ಲ.”

ಹಲಸಿನ ಮೇಣವೇ ಹತ್ತದ ಎಣ್ಣೆಕತ್ತಿಗೆ ತಾಮ್ರ ಹತ್ತುವುದೆಲ್ಲಿಂದ ಬಂತು? ಸಾಹುಕಾರರು ಬೂದಿ ತರಿಸಿ ಕತ್ತಿ ತಿಕ್ಕಿಸಿದರು. ಒರೆಸಿ ಅದ್ದಿದರು. ಹೊರಗೆ ತೆಗೆದಾಗ ಅದು ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗಿತ್ತು.

“ನಾಳೆ ಹೊರಡಿ ಗುರುವಯ್ಯ, ಬೇಡ ಅನ್ನಲ್ಲ,” ಎಂದರು ಸಾಹುಕಾರರು. “ಬಣಕಲ್‌ಗಲ್ಲ, ಚಿಕ್ಕಮಗಳೂರಿಗೆ. ಎರಡು ಗಾಡಿ ಹೊಸ ಸುಣ್ಣ ತರಬೇಕು.”

ಅವರು ಹೋದ ಮೇಲೆ ದೇವೀರಮ್ಮನಿಗೆ ಅವನ ಮುಖ ನೋಡಿ ಅಯ್ಯೋ ಅನಿಸಿತು. ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಹ್ಯಾಗೂ ಪ್ಯಾಟೆಗೆ ಹೋಗ್ತೀರಲ್ಲ ರೈಟ್ರೇ, ನಮ್ ಎಲೆಅಡಿಕೆಗೂ ಒಂಚೂರು ಒಳ್ಳೇ ಸುಣ್ಣ ತಂದ್ಬಿಡಿ.”

ಗುರುವಯ್ಯ ಆಗಲಿ ಎಂದು, ಇಪ್ಪತ್ತಮೂರು ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಬುಟ್ಟಿಗೆ ತುಂಬಿಕೊಳ್ಳತೊಡಗಿದ.