ಐದನೆಯ ಲಾಭದ ನಡುವೆ ಕೆಲಸ ನಿಲ್ಲಿಸಿದ ನನ್ನ ಹಳೆಯ ಮೈಕಿಗೆ

ತಿರುವನಂತಪುರ
ಓಣಂ ರಜೆಯ ಎರಡನೆಯ ದಿನ, 2009

ಶ್ರೀ ಮೈಕ್ ಅವರಿಗೆ (ನಿವೃತ್ತ),
ಹಿಂದಿನ ವಿಳಾಸ: ನನ್ನ ಸ್ಮಾರ್ಟ್ ಫೋನಿನ ಕೆಳತುದಿ, ಸಣ್ಣ ತೂತಿನ ಹಿಂಭಾಗ.
ಈಗಿನ ವಿಳಾಸ: ಖಾಲಿ ಕುಂಕುಮದ ಡಬ್ಬಿ, ಅಡಿಗೆಮನೆಯ ಮೇಲಿನ ಗೂಡು.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಎರಡು ಪುಟ್ಟ ಸ್ಪ್ರಿಂಗುಗಳಿಗೂ, ಸೇವೆಯ ಉದ್ದಕ್ಕೂ ತಾವು ತಲೆಯ ಮೇಲೆ ಧರಿಸಿದ್ದ ಕರಿ ರಬ್ಬರ್ ಟೋಪಿಗೂ ಹಬ್ಬದ ಶುಭಾಶಯಗಳನ್ನು ಸಲ್ಲಿಸುತ್ತೇನೆ. ಹೆಸರುಕಾಳಿಗಿಂತ ದೊಡ್ಡದಲ್ಲದ ಶರೀರ ಹೊತ್ತು ಎರಡು ವರ್ಷ ನನ್ನಂಥವನ ಬಾಯಿಯ ಎದುರು ಒಂದು ದಿನವೂ ರಜೆ ಕೇಳದೆ ನಿಂತ ತಮ್ಮ ಸಹನೆಯನ್ನು ನೆನೆದರೆ ತಮ್ಮ ಎದೆಗೊಂದು ಉತ್ತಮ ಸೇವಾ ಪದಕ ಚುಚ್ಚಬೇಕೆನಿಸುತ್ತದೆ. ಚುಚ್ಚುವಷ್ಟು ಎದೆ ತಮಗೆ ಇಲ್ಲದಿರುವುದರಿಂದ ಈ ಪತ್ರದಲ್ಲೇ ತೃಪ್ತಿಪಡಬೇಕಾಗಿದೆ. ಆದರೂ ಇದು ದೂರಿನ ಪತ್ರವೇ. ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಯಾವುದನ್ನೂ ಗುಟ್ಟಾಗಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಅದನ್ನು ತಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ನನ್ನ ಪರಿಚಯ ತಮಗೆ ಬೇಡದಿದ್ದರೂ ಓದುವವರಿಗೆ ಬೇಕು. ನಾನು ವಸಂತ, ತುಮಕೂರಿನವನು. ಮೊನ್ನೆಮೊನ್ನೆಯವರೆಗೆ ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರುಗಳಿಗೆ ಸಂವಹನ ಕಲೆ ಕಲಿಸುತ್ತಿದ್ದೆ, ಅಂದರೆ ದಿನಕ್ಕೆ ಆರು ಗಂಟೆ ಮಾತಾಡಿ ಸಂಬಳ ಎಣಿಸುತ್ತಿದ್ದೆ. ನನ್ನ ಹೆಂಡತಿ ಸುಮಿತ್ರ ತಿರುವನಂತಪುರದ ಹತ್ತಿರ ತುಂಬ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರು. ರಾಕೆಟ್ಟಿನ ಬಿಡಿಭಾಗಗಳನ್ನು ಯಂತ್ರದ ಮೇಲಿಟ್ಟು ಗಡಗಡ ಅಲ್ಲಾಡಿಸಿ ಯಾವುದು ತಾಳುತ್ತದೆ, ಯಾವುದು ಬಿರುಕು ಬಿಡುತ್ತದೆ ಎಂದು ನೋಡುವುದು ಅವಳ ಕೆಲಸ. ಮದುವೆಯಾಗಿ ಎರಡು ವರ್ಷ, ನಡುವೆ ನಾಲ್ಕೂವರೆ ಗಂಟೆಯ ರೈಲು ದಾರಿ. ಎರಡು ವಾರಕ್ಕೊಮ್ಮೆ ರೈಲು, ದಿನಾ ಸಂಜೆ ಏಳಕ್ಕೆ ಫೋನು, ಇಷ್ಟು ನಮ್ಮ ಸಂಸಾರ. ಆ ಫೋನಿನಲ್ಲಿ ನಾನು ಮಾತಾಡುತ್ತಿದ್ದೆ, ಅವಳು ‘ಹೂಂ’ ಅನ್ನುತ್ತಿದ್ದಳು. ಇದನ್ನೇ ಅನ್ಯೋನ್ಯ ದಾಂಪತ್ಯ ಎಂದು ನಾನು ತಿಳಿದಿದ್ದೆ.

ಜುಲೈ ತಿಂಗಳ ಆ ಮಂಗಳವಾರ ತಮಗೆ ನೆನಪಿರಬಹುದು. ಕಾಕ್ಕನಾಡಿನಿಂದ ಪಾಲಾರಿವಟ್ಟದ ಮನೆಗೆ ಬಸ್ಸಿನಲ್ಲಿ ಬರುತ್ತ, ನಾವಿಬ್ಬರೂ ಬೆಂಗಳೂರಿಗೆ ವರ್ಗವಾಗಿ ಹೋಗುವುದರಿಂದ ಆಗುವ ಹದಿನಾಲ್ಕು ಲಾಭಗಳನ್ನು ನಾನು ಸುಮಿತ್ರಳಿಗೆ ವಿವರಿಸುತ್ತಿದ್ದೆ. ಕಿಟಕಿಯ ಟಾರ್ಪಾಲಿನ ಸಂದಿಯಿಂದ ಮಳೆನೀರು ರಾಚಿದ್ದೇ ನೆಪವಾಗಿ ತಾವು ಐದನೆಯ ಲಾಭದ ನಡುವೆ ಕೆಲಸ ನಿಲ್ಲಿಸಿಬಿಟ್ಟಿರಿ. ಈ ಊರಿನಲ್ಲಿ ಹರತಾಳ ಮಾಡುವವರೂ ಹಿಂದಿನ ದಿನ ಪೇಪರಿನಲ್ಲಿ ತಿಳಿಸುತ್ತಾರೆ, ತಾವು ಆ ಸೌಜನ್ಯವನ್ನೂ ತೋರಲಿಲ್ಲ. ಉಳಿದ ಒಂಬತ್ತೂ ಕಾಲು ಲಾಭಗಳನ್ನು ನಾನು ಪಾಲಾರಿವಟ್ಟ ಬರುವವರೆಗೂ ಹೇಳಿದೆ. ಕೇಳಿದ್ದು ಬಸ್ಸಿನವರು ಮಾತ್ರ, ಅವರಲ್ಲಿ ಕನ್ನಡ ಬಲ್ಲವರು ಒಬ್ಬರೂ ಇದ್ದಂತೆ ಕಾಣಲಿಲ್ಲ. ಅತ್ತಲಿಂದ ಸುಮಿತ್ರ ‘ರೀ, ಏನೂ ಕೇಳಿಸ್ತಿಲ್ಲ’ ಎಂದು ಆರೇಳು ಸಲ ಕೂಗಿದ್ದು ನನ್ನ ಕಿವಿಗೆ ಬಿದ್ದಿತ್ತು, ಆದರೆ ನಾನು ಮಾತಿನ ನಡುವೆ ಇದ್ದೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಪುತ್ತೂರಿನ ಇರ್ಫಾನ್ ಫೋನನ್ನು ಹಿಂದೆಮುಂದೆ ತಿರುಗಿಸಿ ನೋಡಿ, ‘ವಸಂತಣ್ಣ, ಕಿವಿ ಸರಿ ಉಂಟು, ಬಾಯಿ ಹೋಗಿದೆ. ಪಾಪ, ಅದಾದರೂ ಎಷ್ಟು ಅಂತ ತಡೀತದೆ ಮಾರಾಯ್ರೆ’ ಎಂದು ತೀರ್ಪು ಕೊಟ್ಟ. ಅವನ ಫೋನಿನಿಂದ ಸುಮಿತ್ರಳಿಗೆ ವಿಷಯ ತಿಳಿಸಿದೆ. ಅವಳು ಪರಿಹಾರವನ್ನೂ ತಾನೇ ಹೇಳಿದಳು: ಕರೆಯ ನಡುವೆ ನಂಬರಿನ ಗುಂಡಿ ಒತ್ತಿದರೆ ಹೋಗುವ ‘ಕೀಂ’ ಎಂಬ ಸದ್ದಿಗೆ ಮೈಕಿನ ಹಂಗಿಲ್ಲ, ಆದ್ದರಿಂದ ದಿನಾ ತಾನೇ ಕರೆ ಮಾಡುವುದು, ತಾನೇ ಮಾತಾಡುವುದು, ನಾನು ಹೌದಾದರೆ ಒಂದು ಸಲ, ಅಲ್ಲವಾದರೆ ಎರಡು ಸಲ ಗುಂಡಿ ಒತ್ತುವುದು. ಫೋನು ರಿಪೇರಿಗೆ ಅವಸರವೇನೂ ಇಲ್ಲ ಎಂದು ಕೂಡ ಸೇರಿಸಿದಳು. ಆ ಮಾತಿನಲ್ಲಿದ್ದ ಉತ್ಸಾಹ ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಮಾನ್ಯರೇ, ತಾವು ಬಾಯಿ ಮುಚ್ಚಿದ ಆ ಹನ್ನೊಂದು ದಿನಗಳಲ್ಲಿ ನನ್ನ ಕೀರ್ತಿ ಏರಿದ ವೇಗವನ್ನು ಸುಮಿತ್ರಳ ರಾಕೆಟ್ಟುಗಳೂ ಕಂಡಿರಲಾರವು. ನನ್ನ ತಾಯಿ ತುಮಕೂರಿನಿಂದ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿ, ವಸಂತ ಈಗ ಎಷ್ಟು ವಿನಯವಂತನಾಗಿದ್ದಾನೆ ಎಂದು ನೆಂಟರಿಗೆಲ್ಲ ಸಾರಿದರು. ಫೋನಿನಲ್ಲೇ ನಡೆದ ಒಂದು ಮೀಟಿಂಗಿನಲ್ಲಿ ನಾನು ಆದಿಯಿಂದ ಅಂತ್ಯದವರೆಗೆ ಒಂದು ‘ಕೀಂ’ ಮಾತ್ರ ಅಂದದ್ದಕ್ಕೆ ಮ್ಯಾನೇಜರು ನನ್ನ ಪ್ರೌಢತೆಯನ್ನು ಹೊಗಳಿದರು. ಹೀಗಾಗಿ ನನ್ನ ಮುಖ್ಯ ದೂರು ತಾವು ಕೆಟ್ಟಿರಿ ಎಂಬುದಲ್ಲ. ತಾವು ಎರಡು ವರ್ಷ ತಡವಾಗಿ ಕೆಟ್ಟಿರಿ ಎಂಬುದು.

ಏಕೆಂದರೆ ಮೂರನೆಯ ದಿನದಿಂದ ಸುಮಿತ್ರಳ ದನಿಯೇ ಬೇರೆಯಾಯಿತು. ಬೆಳಗ್ಗೆ ಬಸ್ಸಿಗೆ ನಡೆಯುವಾಗ ಮೀನಿನ ದೋಣಿಗಳು ದಡಕ್ಕೆ ಬರುವುದನ್ನು ನೋಡಲು ಐದು ನಿಮಿಷ ಮೊದಲೇ ಮನೆ ಬಿಡುತ್ತಾಳಂತೆ. ಒಂದು ಭಾಗ ಪರೀಕ್ಷೆಯಲ್ಲಿ ಪಾಸಾದರೆ ಅವರ ತಂಡದವರೆಲ್ಲ ಕ್ಯಾಂಟೀನಿನಲ್ಲಿ ಪಳಂಪೊರಿ ತಿನ್ನುತ್ತಾರಂತೆ, ನೇಂದ್ರಬಾಳೆಯ ಆ ಬಜ್ಜಿಯನ್ನು ಒಂದೇ ಸಲಕ್ಕೆ ನಾಲ್ಕು ತಿಂದ ದಾಖಲೆ ಅವಳದ್ದೇ ಅಂತೆ. ಮೇ ತಿಂಗಳಲ್ಲಿ ಮೆಟ್ಟಿಲು ಜಾರಿ ಕಾಲು ಉಳುಕಿ ನಾಲ್ಕು ದಿನ ಕುಂಟಿದ್ದಳಂತೆ. ಅದನ್ನು ಹೇಳಲು ಫೋನ್ ಮಾಡಿದ ಸಂಜೆ ನಾನು, ಎದುರಿನವರ ಮಾತನ್ನು ಗಮನವಿಟ್ಟು ಕೇಳುವುದು ಹೇಗೆ ಎಂಬ ನನ್ನ ಹೊಸ ಪಾಠವನ್ನು ಅವಳಿಗೆ ಪೂರ್ತಿ ಒಪ್ಪಿಸಿದ್ದೆನಂತೆ. ನಾಚಿಕೆಯಾಗಿದೆ ಎಂದು ತಿಳಿಸಲು ಗುಂಡಿ ಇರಲಿಲ್ಲ, ಸುಮ್ಮನೆ ಒಂದು ಸಲ ಒತ್ತಿದೆ.

ಹನ್ನೊಂದನೆಯ ದಿನ, ಶುಕ್ರವಾರ, ಅವಳು ಬಹಳ ನಿಧಾನವಾಗಿ ಹೇಳಿದಳು: ‘ನಂಗೆ ಬೆಂಗಳೂರು ಬೇಡ ರೀ. ಹೊಸ ಯಂತ್ರದ ಜವಾಬ್ದಾರಿ ನಂಗೇ ಕೊಟ್ಟಿದ್ದಾರೆ. ಈ ಕೆಲ್ಸ ಬಿಟ್ಟು ಬಂದ್ರೆ ನಾನು ಅಲ್ಲಿ ಚೆನ್ನಾಗಿರಲ್ಲ. ನಿಮ್ಮ ಕಂಪನಿದು ಇಲ್ಲೂ ಆಫೀಸಿದೆ, ನೀವೇ ಇಲ್ಲಿಗೆ ಬರ್ತೀರಾ? ಈಗ್ಲೇ ಒತ್ಬೇಡಿ. ಯೋಚ್ನೆ ಮಾಡಿ ನಾಳೆ ಹೇಳಿ.’ ಆ ಹೊತ್ತಿನಲ್ಲಿ ನನ್ನ ಬ್ಯಾಗಿನೊಳಗೆ, ಬೆಂಗಳೂರಿಗೆ ವರ್ಗ ಕೋರಿ ಅವಳ ಹೆಸರಿನಲ್ಲಿ ನಾನೇ ಭರ್ತಿ ಮಾಡಿದ ಅರ್ಜಿ ಇತ್ತು. ಅವಳ ರುಜು ಒಂದೇ ಬಾಕಿ ಇತ್ತು.

ಅರ್ಧ ಗಂಟೆಯಲ್ಲಿ ನನ್ನ ಮನಸ್ಸಿನಲ್ಲಿ ಉತ್ತರ ನಿಶ್ಚಯವಾಯಿತು: ಹೋಗುವುದು. ಅವಳಿಲ್ಲದ ಹದಿನಾಲ್ಕು ಲಾಭಗಳನ್ನು ಕಟ್ಟಿಕೊಂಡು ನಾನೇನು ಮಾಡಲಿ? ಆದರೆ ಸಂವಹನ ಕಲೆ ಕಲಿಸುವವನೊಬ್ಬ ಬಾಳಿನ ಇಷ್ಟು ದೊಡ್ಡ ಉತ್ತರವನ್ನು ಒಂದು ‘ಕೀಂ’ನಲ್ಲಿ ಮುಗಿಸುವುದು ಹೇಗೆ? ಪೀಠಿಕೆ ಬೇಡವೇ, ಉಪಸಂಹಾರ ಬೇಡವೇ? ಅವಳಿಗೆ ಆ ವಾರ ರಜೆಯಿಲ್ಲದ ಪರೀಕ್ಷೆಗಳಿದ್ದುದರಿಂದ ನಾನು ರೈಲು ಹತ್ತಿ ಹೋದರೂ ಅವಳು ಬಿಡುವಾಗಿ ಸಿಗುವಂತಿರಲಿಲ್ಲ. ಬೂತಿನಲ್ಲಿ ಐದು ನಿಮಿಷವಾದರೆ ಹೊರಗಿನವರು ಗಾಜು ತಟ್ಟುತ್ತಾರೆ, ಇರ್ಫಾನನ ಫೋನಿನಲ್ಲಿ ಅರ್ಧ ಗಂಟೆ ಭಾಷಣ ಮಾಡಲು ನನಗೂ ಸಂಕೋಚವಿತ್ತು. ಶನಿವಾರ ಬೆಳಗ್ಗೆ ಮೇನಕಾ ಬಸ್ ಸ್ಟಾಪಿನ ಬಳಿಯ ಮೊಬೈಲ್ ಅಂಗಡಿಗೆ ಹೋದರೆ ಮೂರು ದಿನ ಫೋನು ಬಿಟ್ಟುಹೋಗಿ ಎಂದರು. ಹಾಗಾದರೆ ಹೊಸ ಮೈಕನ್ನೂ ನಕ್ಷತ್ರದ ಮೂತಿಯ ಸ್ಕ್ರೂಡ್ರೈವರನ್ನೂ ಕೊಡಿ, ಮನೆಯಲ್ಲೇ ಹಾಕಿಕೊಳ್ಳುತ್ತೇನೆ ಎಂದೆ. ಅಂಗಡಿಯಾತ ‘ತುರಕ್ಕಂಡಾ ಸಾರೇ’, ಬಿಚ್ಚಬೇಡಿ ಸಾರ್, ಎಂದು ಕೈಮುಗಿದ.

ಆ ಮಧ್ಯಾಹ್ನದ ಶಸ್ತ್ರಚಿಕಿತ್ಸೆಗೆ ತಾವೇ ರೋಗಿ, ತಾವೇ ಸಾಕ್ಷಿ. ಫೋನಿನ ಹೊಟ್ಟೆಯಲ್ಲಿ ಏಳು ಸ್ಕ್ರೂ, ನಮ್ಮ ಇಡ್ಲಿ ತಟ್ಟೆಯಲ್ಲಿ ಏಳು ಕುಳಿ. ಇದು ದೈವಸಂಕಲ್ಪ ಎಂದುಕೊಂಡು ಬಿಚ್ಚಿದ ಒಂದೊಂದನ್ನೂ ಒಂದೊಂದು ಕುಳಿಯಲ್ಲಿಟ್ಟೆ. ಯಾವುದು ಎಲ್ಲಿಯದು ಎಂಬ ನಕ್ಷೆಯನ್ನು, ಬೇರೆ ಕಾಗದ ಸಿಗದೆ, ಸುಮಿತ್ರಳ ವರ್ಗಾವಣೆ ಅರ್ಜಿಯ ಹಿಂಬದಿಯಲ್ಲಿ ಬರೆದುಕೊಂಡೆ. ಹಳೆಯ ರೀಚಾರ್ಜ್ ಕಾರ್ಡನ್ನು ಸಂದಿಗೆ ತೂರಿಸಿ ಮೀಟಿದಾಗ ಫೋನು ಬಾಯಿಬಿಟ್ಟಿತು. ಮುಳ್ಳು ತೆಗೆಯುವ ಚಿಮಟದಲ್ಲಿ ತಮ್ಮನ್ನು ಟೋಪಿ ಸಮೇತ ಹೊರಗೆಳೆದೆ. ಯಾವ ಕುಳಿಯೂ ಖಾಲಿ ಇರಲಿಲ್ಲವಾಗಿ, ಒಂದು ಸ್ಕ್ರೂವನ್ನು ಬದಿಗೆ ಸರಿಸಿ, ತಮ್ಮನ್ನೂ ತಮ್ಮ ಉತ್ತರಾಧಿಕಾರಿಯನ್ನೂ ಒಂದೇ ಕುಳಿಯಲ್ಲಿ ಅಕ್ಕಪಕ್ಕ ಮಲಗಿಸಿದೆ, ಅಷ್ಟರಲ್ಲಿ ಇರ್ಫಾನ್ ಸೀನಿದ. ತಟ್ಟೆ ಅಲುಗಿತು. ಅವಳಿಜವಳಿಗಳಂತಿದ್ದ ತಮ್ಮಿಬ್ಬರಲ್ಲಿ ಯಾರು ಹೊಸಬರು, ಯಾರು ಹಳಬರು ಎಂದು ತಿಳಿಯದೆ ಒಬ್ಬರನ್ನು ಕೂರಿಸಿ, ಏಳೂ ಸ್ಕ್ರೂ ಬಿಗಿದು, ಇರ್ಫಾನನಿಗೆ ಫೋನ್ ಮಾಡಿದರೆ ಅತ್ತ ಸದ್ದೇ ಇಲ್ಲ. ಒಳಗೆ ಕೂತದ್ದು ತಾವೇ ಆಗಿದ್ದಿರಿ! ಅಲ್ಲಿ ನಾನೇ ತಂದು ಕೂರಿಸಿದಾಗಲೂ ತಾವು ಹಟ ಬಿಡಲಿಲ್ಲ. ಮತ್ತೆ ಬಿಚ್ಚಿ, ಇನ್ನೊಬ್ಬರನ್ನು ಹಾಕಿ, ಆರು ಸ್ಕ್ರೂ ಬಿಗಿಯುವಷ್ಟರಲ್ಲಿ ಆರೂಮುಕ್ಕಾಲು. ಏಳನೆಯ ಸ್ಕ್ರೂ ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಬಾಲ್ಕನಿಯಲ್ಲಿ ಬಾಗಿಲು ಹಾಕಿಕೊಂಡು ನಿಂತ ಇರ್ಫಾನನಿಗೆ ಈ ಸಲ ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತು.

ಏಳಕ್ಕೆ ಸುಮಿತ್ರಳ ಕರೆ ಬಂತು. ನಾನು ‘ಹಲೋ’ ಅಂದೆ. ಅವಳು ‘ಓ, ಸರಿಹೋಯ್ತಾ’ ಅಂದಳು, ಸಂತೋಷದಿಂದ ಅಂದಳೆಂದು ಪ್ರಮಾಣ ಮಾಡಲಾರೆ. ನಾನು ಪೀಠಿಕೆಯಿಂದ ಆರಂಭಿಸಿದೆ. ಎರಡೂ ಪಕ್ಷವನ್ನು ನ್ಯಾಯವಾಗಿ ಮಂಡಿಸಿ ಕೊನೆಗೆ ಅವಳ ಪಕ್ಷವನ್ನು ಗೆಲ್ಲಿಸುವುದು ನನ್ನ ಯೋಜನೆ. ಹಾಗಾಗಿ ಮೊದಲು ಬೆಂಗಳೂರಿನ ಹದಿನಾಲ್ಕು ಲಾಭಗಳನ್ನು ಕೈಗೆತ್ತಿಕೊಂಡೆ. ತಮ್ಮ ಉತ್ತರಾಧಿಕಾರಿ ಒಂದು ಅಕ್ಷರವನ್ನೂ ಬಿಡದೆ ತಲುಪಿಸಿದರು. ಹನ್ನೊಂದನೆಯ ಲಾಭದಲ್ಲಿದ್ದಾಗ ಸುಮಿತ್ರ ‘ಆಯ್ತು ಬಿಡಿ, ಅರ್ಥವಾಯ್ತು’ ಎಂದು ಫೋನಿಟ್ಟಳು. ಮೂರು ಸಲ ಮಾಡಿದೆ, ಮೂರು ಸಲವೂ ಕತ್ತರಿಸಿದಳು. ಕೊಚ್ಚಿಯಲ್ಲಿ ಒಬ್ಬ ಗಂಡ ‘ಬರುತ್ತೇನೆ’ ಎಂಬ ಒಂದು ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು, ಅದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳಿ, ಹೆಂಡತಿಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದು ಕೂತಿದ್ದ.

ಹತ್ತು ನಿಮಿಷದ ಮೇಲೆ ಅವಳೇ ಮಾಡಿದಳು. ‘ರೀ, ದಯವಿಟ್ಟು ಬಾಯಿ ಬಿಡಬೇಡಿ. ಬರ್ತೀರೋ ಇಲ್ವೋ? ಒತ್ತಿ.’ ನಾನು ಬಾಯಿ ತೆರೆದಿದ್ದೆ, ಮುಚ್ಚಿದೆ. ಒಂದು ಸಲ ಒತ್ತಿದೆ. ಎರಡನೆಯದು ಬರುತ್ತದೋ ಎಂದು ಅವಳು ಕಾದಳು, ಅದು ಬರಲಿಲ್ಲ. ಆಮೇಲೆ ಅವಳು ಅಳುತ್ತ ನಗುವುದು ಕೇಳಿಸಿತು. ನಾನೂ ಅತ್ತೆ, ಹೊಸ ಮೈಕು ಅದನ್ನೂ ಚೆನ್ನಾಗಿ ತಲುಪಿಸಿತೆಂದು ಆಮೇಲೆ ತಿಳಿಯಿತು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ತಾವು ನಿವೃತ್ತಿಯಿಂದ ಮರಳಿ, ದಿನಕ್ಕೆ ಅರ್ಧ ಗಂಟೆಯಾದರೂ ಬಂದು ಕೆಟ್ಟುನಿಲ್ಲಬೇಕು. ನಾನು ಪೀಠಿಕೆ ಹಾಕುತ್ತಿರುವ ಲಕ್ಷಣ ಕಂಡ ಕೂಡಲೇ ಕೆಲಸ ನಿಲ್ಲಿಸುವ ವಿದ್ಯೆಯನ್ನು ತಮ್ಮ ಉತ್ತರಾಧಿಕಾರಿಗೂ ಕಲಿಸಿಕೊಡಬೇಕು. ಸಾಧ್ಯವಾದರೆ ಹಿಂದಿನ ಮೇ ತಿಂಗಳಿಗೆ ಹೋಗಿ, ಸುಮಿತ್ರಳ ಕಾಲು ಉಳುಕಿದ ಆ ಸಂಜೆ ಒಂದೇ ಒಂದು ಸಲ ಕೆಡಬೇಕು. ಇದೊಂದನ್ನು ನಡೆಸಿಕೊಟ್ಟರೆ ಮಿಕ್ಕವನ್ನು ಒತ್ತಾಯಿಸುವುದಿಲ್ಲ. ನಾನು ಆಗಸ್ಟ್ ಮೊದಲ ವಾರ ಇಲ್ಲಿಗೆ ವರ್ಗವಾಗಿ ಬಂದೆ. ಈ ಪತ್ರವನ್ನು ಬರೆಯುತ್ತಿರುವುದು ಸುಮಿತ್ರಳ ರುಜು ಬೀಳದ ಆ ವರ್ಗಾವಣೆ ಅರ್ಜಿಯ ಹಿಂಬದಿಯಲ್ಲೇ, ಏಳು ಸ್ಕ್ರೂಗಳ ನಕ್ಷೆಯ ಸುತ್ತ ಉಳಿದ ಜಾಗದಲ್ಲಿ ಆರಂಭಿಸಿ ಈಗ ಐದನೆಯ ಹಾಳೆಗೆ ಬಂದಿದ್ದೇನೆ.

ತಮ್ಮ ಮೌನಕ್ಕೆ ಸದಾ ಋಣಿಯಾದ,
ತಮ್ಮ ವಿಶ್ವಾಸಿ,
ವಸಂತ

ಮರೆತ ಮಾತು: ಒಂದೇ ಮನೆಯಲ್ಲಿ ಇರುವವರಿಗೆ ಫೋನು ಬೇಡವಾದ್ದರಿಂದ ಸುಮಿತ್ರ ಹಳೆಯ ಪದ್ಧತಿಯನ್ನು ಊಟದ ಮೇಜಿಗೆ ತಂದಿದ್ದಾಳೆ. ಬೆರಳಿನಿಂದ ಒಂದು ಬಡಿತ ಎಂದರೆ ಹೌದು, ಎರಡು ಎಂದರೆ ಇಲ್ಲ, ಮೂರು ಎಂದರೆ ಇನ್ನು ಸಾಕು. ತಮ್ಮಂತೆ ಇವಳು ಮಳೆನೀರಿಗೆ ಕಾಯುವುದಿಲ್ಲ. ಪತ್ರವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ಇನ್ನೂ ಮೂರು ಹಾಳೆ ಬರೆಯಲೇ ಎಂದು ಕೇಳಿದ್ದಕ್ಕೆ ಈಗಷ್ಟೇ ಎರಡು ಬಡಿತ ಬಿದ್ದವು. ಅವಳ ಬೆರಳು ಇನ್ನೂ ಕೆಳಗಿಳಿದಿಲ್ಲ. ಇದೋ, ಮೂರನೆಯದೂ ಬಿತ್ತು.