ಕೆಂಪಕ್ಕನ ಕಿವಿಗೆ ಬಿದ್ದ ಪಾಡ್‌ಕಾಸ್ಟ್

ಒಳ್ಳೆಯ ಪಾಡ್‌ಕಾಸ್ಟ್ ಒಂದು ಸಿಕ್ಕಿದರೆ ಅದನ್ನು ಒಬ್ಬನೇ ಕೇಳಿ ಸುಮ್ಮನಿರುವ ಶಕ್ತಿ ಹಾಲ್ಕುರಿಕೆಯ ಜ್ಞಾನೇಶನಿಗೆ ಇರಲಿಲ್ಲ. ಅವನ ತಾಪತ್ರಯಕ್ಕೆಲ್ಲ ಇದೇ ಮೂಲ. ಕೇಳಲು ಶುರುಮಾಡಿದ ಐದನೇ ನಿಮಿಷಕ್ಕೆ ಚಪಲ ಶುರುವಾಗಿ, ಎದುರು ಸಿಕ್ಕವರ ತೋಳು ಹಿಡಿದು "ಇದನ್ನ ನೀವು ಕೇಳ್ಲೇಬೇಕು" ಎನ್ನುವವರೆಗೆ ಅವನಿಗೆ ಸಮಾಧಾನವಿಲ್ಲ. ಡೇರಿಗೆ ಹಾಲು ಹಾಕಲು ಹೋದರೆ ಅಲ್ಲಿ ಎರಡು, ಕ್ಷೌರಕ್ಕೆ ಕುಳಿತರೆ ಅಲ್ಲಿ ಮೂರು ಶಿಫಾರಸು ಮಾಡಿ ಬರುತ್ತಿದ್ದ. ಇಷ್ಟಾದರೂ ಒಬ್ಬರಾದರೂ ಕೇಳಿ, "ಚೆನ್ನಾಗಿತ್ತು ಕಣಪ್ಪ" ಎಂದವರಿಲ್ಲ. ಪಕ್ಕದ ಮನೆಯ ಲಕ್ಕಯ್ಯನಂತೂ ಇವನು ಗೋಡೆಯ ಹತ್ತಿರ ಕಂಡರೆ ಸಾಕು, ಮೋಟರು ಹಾಕುವ ನೆಪದಲ್ಲಿ ತೋಟಕ್ಕೆ ಓಡುತ್ತಿದ್ದ. ಕರೆಂಟು ಇಲ್ಲದಾಗಲೂ ಓಡುತ್ತಿದ್ದ.

ಆ ಗುರುವಾರ ಬೆಳಿಗ್ಗೆ ಹೆಂಡತಿ ಸರ್ವಮಂಗಳ ತುರುವೇಕೆರೆಯ ತವರಿಗೆ ಹೊರಟು ನಿಂತಿದ್ದಳು. ಮಾರನೆಯ ದಿನ ಅವಳ ಅಣ್ಣನ ಮಗಳು ಧನ್ಯಶ್ರೀಯ ನಿಶ್ಚಿತಾರ್ಥ. ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಇಡೀ ಉಂಡೆ ಕೊಬ್ಬರಿ ಕೊಡುವುದು ಆ ಮನೆಯ ಪದ್ಧತಿ. ಈ ಸಲದ ಮುನ್ನೂರು ಉಂಡೆ ನಾವು ಅಟ್ಟದಲ್ಲಿ ಒಣಗಿಸಿದ ಕಾಯಿಯದ್ದೇ ಎಂದು ಅವಳು ಮಾತು ಕೊಟ್ಟುಬಿಟ್ಟಿದ್ದಳು. ಸಂಜೆ ಐದಕ್ಕೆ ಅವಳ ತಂದೆ ಶಂಭುಲಿಂಗಯ್ಯನವರೇ ಲಗೇಜ್ ಆಟೊ ತಂದು ಒಯ್ಯುವವರಿದ್ದರು.

ಶಂಭುಲಿಂಗಯ್ಯನವರಿಗೆ ಇಬ್ಬರು ಅಳಿಯಂದಿರು. ಚಿಕ್ಕಳಿಯ ಮೋಕ್ಷಿತ್ ಅಪ್ಪಟ ಬಂಗಾರ. ದೊಡ್ಡಳಿಯ ಜ್ಞಾನೇಶನಿಗೆ ತೆಂಗಿನಕಾಯಿಯೂ ಒಂದೇ, ಫುಟ್‌ಬಾಲೂ ಒಂದೇ ಎಂಬುದು ಅವರ ಅಭಿಪ್ರಾಯ. ಅದನ್ನು ತಿದ್ದಲು ಹನ್ನೊಂದು ವರ್ಷದಲ್ಲಿ ಜ್ಞಾನೇಶನಿಗೆ ಸಿಕ್ಕಿದ ಮೊದಲ ಅವಕಾಶ ಈ ಮುನ್ನೂರು ಉಂಡೆ.

"ಅಟ್ಟದಾಗೆ ಎರಡು ಕೊಯ್ಲಿನ ಕಾಯಿ ಬೆರೆತೈತೆ ಕಣ್ರೀ," ಎಂದಳು ಸರ್ವಮಂಗಳ, ಚೀಲ ಹೆಗಲಿಗೇರಿಸುತ್ತ. "ಒಣಗಿರೋವೂ ಅವೆ, ನೀರಿರೋವೂ ಅವೆ. ಒಡೆಯೋಕೆ ಬರೋ ಕೆಂಪಕ್ಕ ಒಂದೊಂದನ್ನೂ ಕಿವಿ ಹತ್ರ ಅಲ್ಲಾಡ್ಸಿ ನೋಡ್ತಾಳೆ. ಲೊಡಲೊಡ ಅಂದ್ರೆ ಒಡೀತಾಳೆ, ನೀರು ಕುಲುಕಿದ್ರೆ ಪಕ್ಕಕ್ಕಿಡ್ತಾಳೆ. ನೀವು ಮಧ್ಯೆ ಹೋಗಿ ಅದು ಕೇಳು ಇದು ಕೇಳು ಅನ್ಬೇಡಿ."

"ನಾನ್ಯಾಕೆ ಅನ್ಲಿ?" ಎಂದ ಜ್ಞಾನೇಶ. ಆ ಗಳಿಗೆಯಲ್ಲಿ ಅವನು ಅದನ್ನು ಮನಃಪೂರ್ವಕವಾಗಿಯೇ ಹೇಳಿದ್ದ.

ಎಂಟಕ್ಕೆ ಕೆಂಪಕ್ಕ, ಭೈರಮ್ಮ, ಮಂಜಮ್ಮ ಮಚ್ಚು ಹಿಡಿದು ಬಂದರು. ಮಟ್ಟೆ ಸುಲಿಯಲು ಹನುಮಂತರಾಜು ಬಂದ. ಅವನು ಸುಲಿದು ಎಸೆದದ್ದನ್ನು ಹೆಂಗಸರು ಅಲ್ಲಾಡಿಸಿ, ಕರಟಕ್ಕೆ ಸುತ್ತಲೂ ನಾಜೂಕಾಗಿ ಏಟು ಹಾಕಿ, ಒಳಗಿನ ಉಂಡೆಯನ್ನು ಗಾಯವಾಗದಂತೆ ತೆಗೆದಿಡಬೇಕು. ಕೆಲಸ ಚೆನ್ನಾಗಿಯೇ ಸಾಗಿತ್ತು. ಆದರೆ ಅದಕ್ಕಿಂತ ಚೆನ್ನಾಗಿ ಮಾತು ಸಾಗಿತ್ತು. ಕಂದಿಕೆರೆಯ ಯಾರದೋ ಸೊಸೆ ಅತ್ತೆಯ ಸೀರೆ ಉಟ್ಟುಕೊಂಡು ತವರಿಗೆ ಹೋದ ವಿಷಯಕ್ಕೆ ಮೂರು ಮಚ್ಚೂ ಅರ್ಧ ಗಂಟೆ ಗಾಳಿಯಲ್ಲೇ ನಿಂತವು. ಹತ್ತು ಗಂಟೆಯಾದರೂ ಬುಟ್ಟಿಯಲ್ಲಿ ಅರವತ್ತು ಉಂಡೆ.

ಜ್ಞಾನೇಶ ಗಡಿಯಾರ ನೋಡಿದ. ಅದೇ ಹಳೆಯ ಚಪಲ ಶುರುವಾಯಿತು. ಕಿವಿಗೆ ಕೆಲಸ ಕೊಟ್ಟರೆ ಬಾಯಿ ಮುಚ್ಚುತ್ತದೆ, ಬಾಯಿ ಮುಚ್ಚಿದರೆ ಕೈ ಓಡುತ್ತದೆ. ಎಂಥ ಉಪಾಯ! ತನ್ನ ಬುದ್ಧಿಗೆ ತಾನೇ ಬೆರಗಾಗಿ ಅವನು ಅಂಗಳಕ್ಕೆ ಇಳಿದ.

"ಕೆಂಪಕ್ಕ, ಈ ತಿಂಗಳು ಹೊಸ ಪಾಡ್‌ಕಾಸ್ಟು ಬಂದವೆ. ರೇಡಿಯೊ ಇದ್ದಂಗೆ, ಆದ್ರೆ ಬೇಕಾದಾಗ ಕೇಳ್ಬೋದು. 'ಮಂಡಿನೋವಿನ ಮಾತುಕತೆ' ಅಂತ ಒಂದೈತೆ. ನಿಂಗೆ ಅಂತ್ಲೇ ಮಾಡಿದಂಗೈತೆ."

"ಮಂಡಿನೋವು ನಂದೇ ಬೇಕಾದಷ್ಟೈತೆ. ಊರೋರ್ದು ಯಾಕಪ್ಪ ಕೇಳ್ಲಿ?"

"ಬುಡು. 'ಬೀಗರೂಟದ ಜಗಳ'? ಮದ್ವೆ ಮನೇಲಿ ನಡೆದ ನಿಜವಾದ ಜಗಳಗಳು."

"ಅದಕ್ಕೆ ಮದ್ವೆಗೇ ಹೋಗ್ತೀವಿ. ಊಟಾನೂ ಹಾಕ್ತಾರೆ," ಎಂದಳು ಭೈರಮ್ಮ.

ಜ್ಞಾನೇಶ ಧ್ವನಿ ತಗ್ಗಿಸಿದ. "ಹಂಗಾದ್ರೆ 'ಏಳನೇ ಬಾವಿ'. ಹತ್ತು ಕಂತು. ಹೊಸಾ ಸೊಸೆ ಮನೆಗೆ ಬಂದ ಮೂರನೇ ದಿನ ಕಾಣೆಯಾಗ್ತಾಳೆ. ಊರಲ್ಲಿರೋದು ಆರೇ ಬಾವಿ. ಆದ್ರೆ ಅವಳ ಮೂಗುತಿ ಸಿಗೋದು ಏಳನೇದ್ರಲ್ಲಿ."

ಮೂರು ಮಚ್ಚು ಮತ್ತೆ ಗಾಳಿಯಲ್ಲಿ ನಿಂತವು.

"ಏಳನೇದು ಎಲ್ಲೈತೆ?" ಎಂದಳು ಕೆಂಪಕ್ಕ.

ಅಷ್ಟು ಸಾಕಾಗಿತ್ತು. ಜ್ಞಾನೇಶ ಬೈಕಿನಲ್ಲಿ ಬಸ್‌ಸ್ಟಾಪಿನ ಅಂಗಡಿಗೆ ಹಾರಿ ನಾಲ್ಕು ಇಯರ್‌ಫೋನ್ ತಂದ. ಒಬ್ಬೊಬ್ಬರ ಮೊಬೈಲಿಗೂ ಸಿಕ್ಕಿಸಿ, ಕಿವಿಗೆ ತಾನೇ ಇಟ್ಟು, ಮೊದಲ ಕಂತು ಹಾಕಿಕೊಟ್ಟ. ಹನುಮಂತರಾಜು ಕೇಳದೆಯೇ ಕಿವಿ ಒಡ್ಡಿದ. ಎರಡು ನಿಮಿಷದಲ್ಲಿ ಅಂಗಳ ಗಪ್‌ಚುಪ್ಪಾಯಿತು. ಮಚ್ಚುಗಳು ಟಕಟಕ ಓಡತೊಡಗಿದವು.

ಆಹಾ, ಆ ಸಂತೋಷ! ಜ್ಞಾನೇಶ ಜಗಲಿಯ ಮೇಲೆ ಕುಳಿತು ನಾಲ್ಕು ಮುಖಗಳನ್ನೂ ಕಣ್ಣು ತುಂಬ ನೋಡಿದ. ಭೈರಮ್ಮ ಬಾಯಿ ತೆರೆದಳೆಂದರೆ ಮೂಗುತಿ ಸಿಕ್ಕಿತು ಎಂದರ್ಥ. ಮಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳೆಂದರೆ ಸೊಸೆಯ ತಾಯಿ ಬಂದಳು ಎಂದರ್ಥ. ಅವನು ಕೈಸನ್ನೆಯಲ್ಲಿ "ಎಷ್ಟನೇದು?" ಎಂದು ಕೇಳಿದರೆ ಅವರು ನಾಲ್ಕು ಬೆರಳು, ಆಮೇಲೆ ಐದು ಬೆರಳು ತೋರಿಸುತ್ತಿದ್ದರು. ಜ್ಞಾನೇಶ ಖುಷಿ ತಡೆಯಲಾರದೆ ಎರಡು ಸಲ ಕಾಫಿ ಮಾಡಿಕೊಟ್ಟ. ಅವನು ಮುಖ ನೋಡಿದನೇ ಹೊರತು ಕೈ ನೋಡಲಿಲ್ಲ.

ಮೂರೂವರೆಗೆ ಲೋಟ ಎತ್ತಿಕೊಳ್ಳಲು ಅಂಗಳಕ್ಕೆ ಇಳಿದಾಗ ಅವನ ಕಾಲು ಪಚಕ್ಕೆಂದಿತು. ಬಗ್ಗಿ ನೋಡಿದ. ಅಂಗಳದ ತುಂಬ ಎಳನೀರಿನಂಥ ನೀರು ಹರಿದು ತುಳಸಿಕಟ್ಟೆಯವರೆಗೆ ಹೋಗಿತ್ತು. ಬುಟ್ಟಿಗೆ ಕೈ ಹಾಕಿದ. ಹಸಿ ಚೂರು, ಅರೆಯೊಣಗಿದ ಚೂರು, ಕರಟಕ್ಕೇ ಅಂಟಿಕೊಂಡ ಚೂರು. ಒಣಗಿದ ಒಳ್ಳೆಯ ಉಂಡೆಗಳಿಗೂ ಕತೆಯ ರೋಚಕ ಜಾಗಗಳಲ್ಲಿ ಮಚ್ಚಿನ ಏಟು ಆಳವಾಗಿ ಬಿದ್ದಿತ್ತು. ಎರಡು ಸಲ ಎಣಿಸಿದ. ಇಡಿಯಾಗಿ ಉಳಿದದ್ದು ಎಪ್ಪತ್ತನಾಲ್ಕು.

"ನಿಲ್ಸಿ! ನಿಲ್ಸಿ!" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ. ಕುಣಿದ. ಕೆಂಪಕ್ಕ ಎಂಟು ಬೆರಳು ತೋರಿಸಿದಳು. ಕೊನೆಗೆ ಹಿಂದಿನಿಂದ ಹೋಗಿ ಅವಳ ಕಿವಿಯ ವೈರು ಎಳೆದ.

"ಯಾವನ್ಲಾ ಅವ್ನು!" ಎಂದು ಕೆಂಪಕ್ಕ ಮಚ್ಚು ಎತ್ತಿ ತಿರುಗಿದಳು. ಕತೆಯಲ್ಲಿ ಕೊಲೆಗಾರ ಆಗತಾನೇ ಹಿಂದಿನಿಂದ ಬರುತ್ತಿದ್ದ. ಜ್ಞಾನೇಶ ಎರಡು ಮಾರು ಹಿಂದಕ್ಕೆ ಹಾರಿ ಮಟ್ಟೆಯ ರಾಶಿಯಲ್ಲಿ ಕುಳಿತ.

"ಕೆಂಪಕ್ಕ, ಕಾಯಿ ಅಲ್ಲಾಡ್ಸಿ ನೋಡ್ಲಿಲ್ವಾ?"

"ನೋಡ್ದೆ ಕಣಪ್ಪ. ಒಂದೊಂದನ್ನೂ ಕಿವಿ ಹತ್ರ ಹಿಡಿದು ಅಲ್ಲಾಡಿಸ್ದೆ. ನಲವತ್ತು ವರ್ಷದ ಅಭ್ಯಾಸ, ಬುಟ್ಟೋಗ್ತದಾ?"

"ಮತ್ತೆ ಏನ್ ಕೇಳಿಸ್ತು?"

ಕೆಂಪಕ್ಕ ಕೈಯಲ್ಲಿದ್ದ ಕಾಯಿಯನ್ನು ನೋಡಿದಳು. ಬುಟ್ಟಿಯನ್ನು ನೋಡಿದಳು. ಆಮೇಲೆ ಪ್ರಾಮಾಣಿಕವಾಗಿ, "ಆ ಸೊಸೆ ಅಳೋದು ಕೇಳಿಸ್ತು," ಎಂದಳು.

ಮಾವ ಬರಲು ಒಂದೂವರೆ ಗಂಟೆಯಿತ್ತು. ಜ್ಞಾನೇಶನ ಕಣ್ಣಿಗೆ ಮುನ್ನೂರು ಜನ ಬರೀ ತಾಂಬೂಲ ಹಿಡಿದು ನಿಂತಂತೆ, ಅವರೆಲ್ಲರಿಗೂ ಮಾವ ಇವನನ್ನೇ ಬೆರಳು ಮಾಡಿ ತೋರಿಸಿದಂತೆ ಕಂಡಿತು. ಅವನು ಗೋಡೆ ಹಾರಿದ. ಲಕ್ಕಯ್ಯನ ಹಜಾರದಲ್ಲಿ ಹಿಂದಿನ ದಿನ ಒಡೆಸಿದ ಉಂಡೆಗಳು ಚೀಲ ಚೀಲವಾಗಿ ಕುಳಿತಿದ್ದವು. ಇವನನ್ನು ಕಂಡಿದ್ದೇ ಲಕ್ಕಯ್ಯ ತೋಟದ ಕಡೆ ಓಟ ಕಿತ್ತ. ಜ್ಞಾನೇಶ ಮೋಟರಿನ ಮನೆಯ ಹತ್ತಿರ ಅವನ ಪಂಚೆ ಹಿಡಿದ.

"ಕೇಳೋದೇನೂ ಇಲ್ಲ ಲಕ್ಕಯ್ಯಣ್ಣ, ನೀನು ಕೊಡೋದೈತೆ! ಇನ್ನೂರ ಇಪ್ಪತ್ತಾರು ಉಂಡೆ!"

ವಿಷಯವನ್ನೆಲ್ಲ ಕೇಳಿ ಲಕ್ಕಯ್ಯ ನಿಂತಲ್ಲೇ ನಕ್ಕ. ಆಮೇಲೆ ಗಂಭೀರನಾಗಿ, "ಕೊಡ್ತೀನಿ ಕಣ್ಲಾ. ಒಂದೇ ಷರತ್ತು. ಇವತ್ತಿಂದ ಒಂದು ವರ್ಷ ನನ್ ಮುಂದೆ 'ಇದನ್ನ ಕೇಳ್ಲೇಬೇಕು' ಅನ್ನಂಗಿಲ್ಲ," ಎಂದ. ಜ್ಞಾನೇಶ ತೆಂಗಿನ ಮರ ಮುಟ್ಟಿ ಆಣೆಯಿಟ್ಟ. ಜೀವ ಕಿತ್ತು ಕೊಟ್ಟಂತಾಯಿತು.

ಐದಕ್ಕೆ ಐದು ನಿಮಿಷವಿರುವಾಗ ಮುನ್ನೂರು ಉಂಡೆ ಜಗಲಿಯ ಮೇಲಿದ್ದವು. ಚೂರುಗಳ ಮೇಲೆ ಟಾರ್ಪಾಲು ಬಿದ್ದಿತ್ತು. ಕೆಂಪಕ್ಕನ ತಂಡದ ಬಾಯಿ ಮುಚ್ಚಿಸುವ ಕಷ್ಟವೇ ಬರಲಿಲ್ಲ. ಅವರು ಕರಟ ಗುಡ್ಡೆ ಹಾಕುತ್ತ ಒಂಬತ್ತನೇ ಕಂತಿನಲ್ಲಿದ್ದರು.

ಶಂಭುಲಿಂಗಯ್ಯ ಬಂದರು. ಒಂದು ಉಂಡೆ ಎತ್ತಿಕೊಂಡು ಉಗುರಿನಿಂದ ತಟ್ಟಿದರು, ಮೂಸಿದರು, ಬೆಳಕಿಗೆ ಹಿಡಿದರು. ಇನ್ನೊಂದನ್ನೂ ನೋಡಿದರು. ಜ್ಞಾನೇಶ ಟಾರ್ಪಾಲಿಗೆ ಅಡ್ಡ ನಿಂತ.

"ಭೇಷ್ ಅಳಿಯಂದ್ರೆ! ಇಂಥ ಮಾಲು ನಮ್ ತೋಟದಾಗೂ ಬಂದಿಲ್ಲ. ಇಷ್ಟು ವರ್ಷ ನಿಮ್ಮನ್ನ ತಪ್ಪು ತಿಳ್ಕಂಡಿದ್ದೆ ಕಣ್ರೀ."

ಹನ್ನೊಂದು ವರ್ಷದ ಬರ ಒಂದೇ ಮಾತಿಗೆ ತೀರಿತು. ಚೀಲಗಳು ಆಟೊ ಏರಿದವು. ಇನ್ನೇನು, ಮಾವ ಕಾಫಿ ಕುಡಿದು ಹೊರಟರೆ ಮುಗಿಯಿತು. ಜ್ಞಾನೇಶನಿಗೆ ಹಾಡಿಕೊಂಡು ಕುಣಿಯಬೇಕೆನಿಸಿತು.

ಶಂಭುಲಿಂಗಯ್ಯ ಲೋಟ ಹಿಡಿದು ಹತ್ತಿರ ಸರಿದು ಕುಳಿತರು. ಅವರ ಒಂದು ಕಿವಿಯಲ್ಲಿ ಬಿಳಿಯದೇನೋ ಇರುವುದನ್ನು ಜ್ಞಾನೇಶ ಆಗ ಕಂಡ.

"ನಿಮ್ಗೊಂದು ವಿಷ್ಯ ಹೇಳ್ತೀನಿ. 'ಏಳನೇ ಬಾವಿ' ಅಂತ ಒಂದು ಬಂದೈತೆ. ದಾರಿ ಉದ್ದಕ್ಕೂ ಅದೇ ಕೇಳ್ಕಂಡು ಬಂದೆ. ನಾಲ್ಕನೇ ಕಂತಿಗೆ ಮೈ ಜುಮ್ ಅಂತು! ನೀವು ಕೇಳ್ಲೇಬೇಕು. ನಮ್ ಮೋಕ್ಷಿತ್ ಹುಡುಕಿ ಕೊಟ್ಟಿದ್ದು. ಎಂಥ ರುಚಿ ನೋಡಿ ಆ ಹುಡುಗಂಗೆ!"

ಹದಿನೈದು ದಿನದ ಹಿಂದೆ ಮೋಕ್ಷಿತನಿಗೆ ಅದರ ಲಿಂಕು ಕಳಿಸಿದವನೇ ಜ್ಞಾನೇಶ. ಸುಮ್ಮನೆ "ಹೌದಾ ಮಾವ" ಎಂದಿದ್ದರೆ ಮುಗಿಯುತ್ತಿತ್ತು. ಅವನು ತುಟಿ ಕಚ್ಚಿದ. ಲೋಟ ಕೆಳಗಿಟ್ಟ. ಆದರೂ ತಡೆಯಲಾಗಲಿಲ್ಲ.

"ಅದು ನಂದು ಮಾವ! ಅವನಿಗೆ ಹೇಳಿದ್ದೇ ನಾನು! ಬೇಕಾದ್ರೆ ಕೆಂಪಕ್ಕನ್ನ ಕೇಳಿ! ಬೆಳಿಗ್ಗೆ ನಾನೇ ಕಿವಿಗೆ ಹಾಕಿದ್ದು. ಎಷ್ಟು ಚೆನ್ನಾಗೈತೆ ಅಂದ್ರೆ, ಮೈಮರೆತು ಅಟ್ಟದ ಕಾಯೆಲ್ಲ ಹಸಿಹಸೀನೇ ಒಡೆದು ಚೂರು ಮಾಡವ್ರೆ! ನೋಡಿ ಇಲ್ಲಿ!"

ಎಂದವನೇ ಎದ್ದು ಹೋಗಿ ಟಾರ್ಪಾಲು ಎತ್ತಿ ತೋರಿಸಿದ. ತೋರಿಸಿದ ಮೇಲೆ ಅವನಿಗೆ ಅರ್ಥವಾಯಿತು.

ಶಂಭುಲಿಂಗಯ್ಯ ರಾಶಿಯಿಂದ ಒಂದು ಚೂರು ಎತ್ತಿ ನೋಡಿದರು. "ಹಂಗಾದ್ರೆ ಆಟೊದಾಗಿರೋವು?"

"ನಮ್ಮವು ಯಜಮಾನ್ರೆ," ಎಂದ ಲಕ್ಕಯ್ಯ, ಗೋಡೆಯಾಚೆಯಿಂದ.

ಶಂಭುಲಿಂಗಯ್ಯ ನಿಧಾನವಾಗಿ ಕಿವಿಯಲ್ಲಿದ್ದುದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಈ ಬಾವಿ ಕತೆ ಹುಡುಕಿದ್ದು ನಿಜವಾಗ್ಲೂ ನೀವೇನಾ?"

"ಹೂಂ ಮಾವ," ಎಂದ ಜ್ಞಾನೇಶ. ಅಷ್ಟಾದರೂ ಉಳಿಯಲಿ ಎಂಬ ಆಸೆ ಅವನ ದನಿಯಲ್ಲಿತ್ತು.

"ಅದೇ ನೋಡಿ," ಎಂದು ಶಂಭುಲಿಂಗಯ್ಯ ಅದನ್ನು ಜೇಬಿಗೆ ಹಾಕಿಕೊಂಡು ಆಟೊ ಹತ್ತಿದರು. "ನಾಲ್ಕನೇ ಕಂತಿಂದ ಯಾಕೋ ಸಪ್ಪೆ ಆಯ್ತಲ್ಲ ಅಂದ್ಕಂಡೆ."