ಧೂಪದಾನಿಗೊಬ್ಬಳು ಕಫೀಲ್

ಕುವೈತಿನಲ್ಲಿ ಹದಿನಾಲ್ಕು ವರ್ಷ ಕಳೆದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದೇ. ಇಲ್ಲಿ ಯಾರೂ ತಮ್ಮ ಹೆಸರಿನ ಮೇಲೆ ನಿಂತಿರುವುದಿಲ್ಲ, ಇನ್ನೊಬ್ಬರ ಹೆಸರಿನ ಮೇಲೆ ನಿಂತಿರುತ್ತಾರೆ. ನನ್ನ ಇಕಾಮಾ, ಅಂದರೆ ಇಲ್ಲಿ ವಾಸ ಮಾಡುವ ಪರವಾನಗಿ, ನಿಂತಿರುವುದು ಕಫೀಲ್, ಅಂದರೆ ನನಗೆ ಜಾಮೀನು ನಿಂತ ಇಲ್ಲಿನ ಪ್ರಜೆಯ ಹೆಸರಿನ ಮೇಲೆ. ಹೆಂಡತಿ ಲವೀನಾ ಮತ್ತು ಮಗಳು ಅನೀಷಾರ ಇಕಾಮಾ ನನ್ನ ಹೆಸರಿನ ಮೇಲೆ. ನಮ್ಮೆಲ್ಲರ ಹೊಣೆ ಹೊತ್ತ ಆ ಕಫೀಲರನ್ನು ನಾನು ಇದುವರೆಗೆ ನೋಡಿದ್ದು ಮೂರು ಸಲ. ಮೂರು ಸಲವೂ ಅವರು ಫೋನಿನಲ್ಲಿ ಮಾತಾಡುತ್ತಾ ನನ್ನತ್ತ ಕೈ ಎತ್ತಿದರು, ನಾನೂ ಕೈ ಎತ್ತಿದೆ. ಒಳ್ಳೆಯ ಮನುಷ್ಯ. ಹೊಣೆಗಾರ ಎಂದರೆ ದೂರದಿಂದ ಕೈ ಎತ್ತುವವನು ಎಂಬ ಕಲ್ಪನೆ ನನ್ನ ತಲೆಯಲ್ಲಿ ಹೀಗೆ ಗಟ್ಟಿಯಾಗಿ ಕುಳಿತಿತ್ತು. ಮುಂದೆ ನಡೆದ ಅನಾಹುತಕ್ಕೆ ಈ ಕಲ್ಪನೆಯೇ ಕಾರಣ ಎಂದು ಹೇಳಿಕೊಂಡು ಸ್ವಲ್ಪ ಸಮಾಧಾನ ಪಡುತ್ತಿದ್ದೇನೆ.

ನಮ್ಮ ಕಂಪನಿಯನ್ನು ನಿಜವಾಗಿ ನಡೆಸುವವರು ಹಮೀದ್ ಕಾಕ. ಉಳ್ಳಾಲದ ಕಡೆಯ ಬ್ಯಾರಿಗಳು. ಅತ್ತರು, ಬಖೂರು ಮಾರುತ್ತಾ ಮೇಲೆ ಬಂದವರು. ಬಖೂರು ಎಂದರೆ ಸುಗಂಧದ ಮರದ ಚೂರು. ಇಲ್ಲಿನವರು ಅತಿಥಿ ಬಂದರೆ ಅದನ್ನು ಕೆಂಡದ ಮೇಲೆ ಹಾಕಿ ಹೊಗೆ ಹಿಡಿಯುತ್ತಾರೆ. ಕೆಂಡದ ಗೊಡವೆ ಬೇಡದವರಿಗಾಗಿ ಪ್ಲಗ್ ಹಾಕುವ ಧೂಪದಾನಿ ಬಂದಿದೆ. ಎಲ್ಲೋ ತಯಾರಾದ ಅಂಥ ಮುನ್ನೂರು ಧೂಪದಾನಿಗಳನ್ನು ತರಿಸಿ, ಡಬ್ಬಿಯ ಮೇಲೆ ನಮ್ಮ ಹೆಸರು ಅಂಟಿಸಿ, ಯುರೋಪಿನ ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವುದು ಕಾಕನ ಹೊಸ ಕನಸು. ನಾನು ಮಂಗಳೂರಿನಲ್ಲಿ ಬಿಎಸ್ಸಿ ಮಾಡಿದವನು. ಸಸ್ಯಶಾಸ್ತ್ರ. ಆದರೂ ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ ಎಂಬ ಒಂದೇ ಅಪರಾಧಕ್ಕೆ ಆಫೀಸಿನಲ್ಲಿ ಬರುವ ಉದ್ದದ ಮೇಲ್‌ಗಳೆಲ್ಲ ನನ್ನ ಪಾಲು.

ಆ ಮಾರುಕಟ್ಟೆಯವರಿಂದ ಒಂದು ದಿನ ಅಂಥ ಮೇಲ್ ಬಂತು. ವಸ್ತು ಸುರಕ್ಷಿತವೆಂದು ತೋರಿಸುವ ಕಡತ ಬೇಕು. ಅಪಾಯಗಳ ವಿಶ್ಲೇಷಣೆ ಬೇಕು. ಕೊಳ್ಳುವವರ ಭಾಷೆಯಲ್ಲಿ ಎಚ್ಚರಿಕೆಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯುರೋಪಿನಲ್ಲೇ ಇರುವ ಒಬ್ಬ 'ರೆಸ್ಪಾನ್ಸಿಬಲ್ ಪರ್ಸನ್' ಬೇಕು. ಅವರ ಹೆಸರು, ವಿಳಾಸ ಪ್ರತಿ ಡಬ್ಬಿಯ ಮೇಲೂ ಇರಬೇಕು. ನಾನು ಇದನ್ನೆಲ್ಲ ಇಪ್ಪತ್ತು ನಿಮಿಷ ವಿವರಿಸಿದೆ. ಕಾಕ ಸುಲೈಮಾನಿ ಚಹಾ ಹೀರುತ್ತಾ ಕೇಳಿ, ಕೊನೆಗೆ ಎರಡೇ ವಾಕ್ಯದಲ್ಲಿ ಮುಗಿಸಿದರು.

"ಅಂದ್ರೆ ಡಬ್ಬಿಗೆ ಯುರೋಪಲ್ಲಿ ಒಬ್ಬ ಕಫೀಲ್ ಬೇಕು, ಅಷ್ಟೇ ಅಲ್ವಾ? ಅದಕ್ಕೆ ಇಷ್ಟುದ್ದ ಬರೀಲಿಕ್ಕೆ ಎಂತ ಉಂಟು ಮಾರಾಯ ಅವರಿಗೆ?"

ಆ ಕ್ಷಣದಲ್ಲಿ ನನಗೆ ಯುರೋಪಿನ ಕಾನೂನು ಸಂಪೂರ್ಣ ಅರ್ಥವಾದಂತಾಯಿತು. ತಪ್ಪಾಗಿ ಅರ್ಥವಾದ ವಿಷಯಗಳೇ ಹೀಗೆ ತಟ್ಟನೆ ಅರ್ಥವಾಗುವುದು.

"ನಿನ್ನ ಅಕ್ಕ ಐರ್ಲೆಂಡಲ್ಲಿ ನರ್ಸ್ ಅಲ್ವಾ?" ಎಂದರು ಕಾಕ.

ಗ್ರೇಸಿ ಅಕ್ಕ ಮೊದಲು ಇಲ್ಲೇ ಆಸ್ಪತ್ರೆಯಲ್ಲಿದ್ದು, ನಾಲ್ಕು ವರ್ಷದ ಹಿಂದೆ ಐರ್ಲೆಂಡಿಗೆ ಹೋದವಳು. ನಮ್ಮಲ್ಲಿ ಯಾವ ದೇಶದ ಕೆಲಸವಿದ್ದರೂ ಅಲ್ಲೊಬ್ಬರು ಸಂಬಂಧಿಕರು ಸಿಗುತ್ತಾರೆ. ಫೋನ್ ಮಾಡಿದೆ.

"ನಾನೆಂತ ಮಾಡ್ಬೇಕು?" ಎಂದು ಕೇಳಿದಳು.

"ಏನೂ ಇಲ್ಲ ಅಕ್ಕ. ಒಂದು ಸಹಿ. ಮತ್ತೆ ಸುಮ್ಮನೆ ಅಲ್ಲಿ ಇದ್ದರೆ ಸಾಕು."

"ಅಲ್ಲಿ ನಾನು ಹೇಗೂ ಇದ್ದೇನಲ್ಲ," ಎಂದು ನಕ್ಕಳು. ಮುನ್ನೂರು ಡಬ್ಬಿಗಳಿಗೆ ಅವಳು ಕಫೀಲ್ ಆದದ್ದು ಹೀಗೆ, ಎರಡು ನಿಮಿಷದಲ್ಲಿ.

ಉಳಿದ ಕಡತವನ್ನು ನಾನು ಒಂದು ವಾರದಲ್ಲಿ ತಯಾರಿಸಿದೆ. ಅಪಾಯಗಳ ಪಟ್ಟಿಯ ಎದುರು ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಆಯ್ಕೆಗಳಿದ್ದವು. ಶಾಖದ ಎದುರು ಪ್ರಾಮಾಣಿಕವಾಗಿ 'ಮಧ್ಯಮ' ಒತ್ತಿ ನೋಡಿದೆ. ಕೆಳಗೆ ಹೊಸದಾಗಿ ಎಂಟು ಪ್ರಶ್ನೆಗಳು ತೆರೆದುಕೊಂಡವು. 'ಕಡಿಮೆ' ಒತ್ತಿದೆ; ಎಂಟೂ ಮಾಯವಾದವು. ಬೆಂಕಿಯನ್ನು ಇಷ್ಟು ಸುಲಭವಾಗಿ ಆರಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ ಎಂದೂ ಬರೆದೆ. ಡಬ್ಬಿಯ ಮೇಲೆ ಗಡಿಯಾರದ ಚಿತ್ರ ಇತ್ತಲ್ಲ, ಅದೇ ಆಧಾರ. ಆಮೇಲೆ ಹನ್ನೆರಡು ಪುಟದ ಕೈಪಿಡಿ. ಒದ್ದೆ ಕೈಯಲ್ಲಿ ಮುಟ್ಟಬಾರದು, ಬಿಸಿಯಿರುವಾಗ ಎತ್ತಬಾರದು, ಮಗುಚಬಾರದು. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಗೆ ಹೋಗುತ್ತಿದ್ದ ದಿನಗಳ ನಂತರ ನಾನು ಅಷ್ಟು ಆಸೆಯಿಂದ ಬರೆದದ್ದು ಇದನ್ನೇ. ಕಂಪ್ಯೂಟರಿಗೆ ಕೊಟ್ಟು ಜರ್ಮನ್, ಫ್ರೆಂಚ್, ಇಟಾಲಿಯನ್ ಮಾಡಿಸಿದೆ. ಅವು ಸರಿಯಿವೆಯೋ ಇಲ್ಲವೋ ಹೇಳಬಲ್ಲವರು ಆಫೀಸಿನಲ್ಲಿ ಯಾರೂ ಇಲ್ಲದ್ದರಿಂದ ಎಲ್ಲವೂ ಸರಿಯಿದ್ದವು.

ಇನ್ನು ಬಾಕಿ ಇದ್ದದ್ದು ಒಂದು ಫೋಟೋ. ಧೂಪದಾನಿ 'ಮನೆಯ ವಾತಾವರಣದಲ್ಲಿ' ಉರಿಯುತ್ತಿರಬೇಕಂತೆ. ಭಾನುವಾರ ಡಬ್ಬಿಗಳು ಶುಐಬಾದ ಗೋದಾಮಿನಿಂದ ಹೊರಡಬೇಕು. ಹಾಗಾಗಿ ಇಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಇಗರ್ಜಿಯಿಂದ ಬಂದವನೇ ಮಹಬೂಲಾದ ನಮ್ಮ ಹನ್ನೊಂದನೇ ಮಹಡಿಯ ಮನೆಯ ಹಾಲಿನಲ್ಲಿ ಒಂದನ್ನು ಸಜ್ಜು ಮಾಡಿದೆ. ಹೊರಗೆ ಧೂಳುಗಾಳಿ, ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಹಿನ್ನೆಲೆ ಚೆನ್ನಾಗಿರಲಿ ಎಂದು ಲವೀನಾಳ ಹೊಸ ಪರದೆಯ ಹತ್ತಿರವೇ ಇಟ್ಟೆ. ಪಕ್ಕದಲ್ಲಿ ನನ್ನ ಕೈಪಿಡಿಯೂ ಕಾಣಲಿ ಎಂಬ ಸಣ್ಣ ಆಸೆ ಇತ್ತು. ಲವೀನಾ ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದಳು. ಎಂಟು ವರ್ಷದ ಅನೀಷಾ ನೆಲದ ಮೇಲೆ ಚಿತ್ರ ಬಿಡಿಸುತ್ತಿದ್ದಳು. ಹತ್ತು ನಿಮಿಷ ಕಳೆಯಿತು. ಹದಿನೈದೂ ಕಳೆಯಿತು.

"ಡ್ಯಾಡಿ, ಇಟ್ಸ್ ಗ್ಲೋಯಿಂಗ್," ಎಂದಳು ಮಗಳು. ನಾವು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ.

"ಹೊಳೆಯಲಿ ಮಗಾ, ಫೋಟೋ ಚೆನ್ನಾಗಿ ಬರ್ತದೆ," ಎಂದೆ.

"ಡ್ಯಾಡಿ, ನೌ ದಿ ಕರ್ಟನ್ ಈಸ್ ಗ್ಲೋಯಿಂಗ್."

ಇಲ್ಲಿಂದ ಮುಂದಿನದನ್ನು ನಾನು ಈಗಲೂ ದಿನಕ್ಕೆ ನಾಲ್ಕೈದು ಸಲ ಮನಸ್ಸಿನಲ್ಲಿ ನೋಡುತ್ತೇನೆ. ಪ್ರತಿ ಸಲವೂ ಈ ಸಲವಾದರೂ ಬೇರೆ ಏನಾದರೂ ಮಾಡುತ್ತೇನೇನೋ ಎಂದು ಕಾಯುತ್ತೇನೆ, ಮಾಡುವುದಿಲ್ಲ. ಧೂಪದಾನಿಯ ಪ್ಲಾಸ್ಟಿಕ್ ಬುಡ ಕರಗಿ ವಾಲಿತ್ತು. ಕೆಂಪಗೆ ಕಾದ ತಟ್ಟೆ ಪರದೆಗೆ ತಾಗಿತ್ತು. ಬೆಂಕಿ ಅವಸರವಿಲ್ಲದೆ, ಮೆಟ್ಟಿಲು ಹತ್ತುವವರ ಹಾಗೆ ಮೇಲೆ ಹೋಗುತ್ತಿತ್ತು. ನಾನು ಕೈಪಿಡಿ ಎತ್ತಿಕೊಂಡೆ. ಹೌದು, ಕೈಪಿಡಿ. ಮಗಳನ್ನಲ್ಲ. ಬಾಗಿಲ ಬಳಿ ಓಡಿ ಹೋಗಿ, ಜರ್ಮನ್ ದಾಟಿ, ಫ್ರೆಂಚ್ ದಾಟಿ, ಇಂಗ್ಲಿಷ್ ಭಾಗ ಹುಡುಕಿ, 'ಬೆಂಕಿ ಕಾಣಿಸಿಕೊಂಡಲ್ಲಿ' ಎಂಬ ಸಾಲಿಗೆ ಬಂದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ತಡಮಾಡದೆ ರೆಸ್ಪಾನ್ಸಿಬಲ್ ಪರ್ಸನ್‌ರನ್ನು ಸಂಪರ್ಕಿಸಿ. ಕೆಳಗೆ ನಂಬರು. ಕರೆ ಮಾಡಿದೆ.

"ಹಲೋ, ಡ್ಯೂಟಿಯಲ್ಲಿದ್ದೇನೆ, ಬೇಗ ಹೇಳು," ಎಂದಳು ಗ್ರೇಸಿ ಅಕ್ಕ.

"ಅಕ್ಕ, ಬೆಂಕಿ."

"ಎಲ್ಲಿ?"

"ನಮ್ಮ ಹಾಲಿನಲ್ಲಿ. ಧೂಪದಾನಿಯಿಂದ."

"ಅಯ್ಯೋ ದೇವರೇ! ಮತ್ತೆ ನನಗೆ ಯಾಕೆ ಫೋನ್ ಮಾಡಿದ್ದು?"

"ಕೈಪಿಡಿಯಲ್ಲಿ ಹಾಗೆ ಬರೆದಿದೆ."

"ಯಾವ ಕತ್ತೆ ಬರೆದದ್ದು?"

"ನಾನು."

ಅಷ್ಟರಲ್ಲಿ ಮೀನಿನ ಕೈಯಲ್ಲೇ ಲವೀನಾ ಬಂದಿದ್ದಳು. "ಪುಸ್ತಕ ಬಿಡಿ, ಮಗುವನ್ನು ಹಿಡೀರಿ!" ಎಂದು ಕೂಗಿ, ಮಗುವನ್ನು ತಾನೇ ನನ್ನ ಮೇಲೆ ನೂಕಿದಳು. ಗೋಡೆಯ ಸ್ವಿಚ್ ಆರಿಸಿದಳು, ವೈರ್ ಎಳೆದಳು, ಪರದೆಯನ್ನು ಸರಳಿನ ಸಮೇತ ಕಿತ್ತು ನೆಲಕ್ಕೆ ಹಾಕಿ ಮೀನು ತೊಳೆದ ಬಕೆಟ್ ನೀರನ್ನು ಸುರಿದಳು. ಧೂಪದಾನಿಯನ್ನು ಟವೆಲಿನಲ್ಲಿ ಹಿಡಿದೆತ್ತಿ ಬಚ್ಚಲಿಗೆ ಒಯ್ದು ಮಗುಚಿದಳು. ಕರಗಿದ ಪ್ಲಾಸ್ಟಿಕ್, ಬಖೂರು ಮತ್ತು ಅಂಜಲ್ ಮೀನು ಸೇರಿದ ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಅನೀಷಾ ಅಳಲಿಲ್ಲ. ಮೂರು ದಿನ ಯಾವ ಭಾಷೆಯಲ್ಲೂ ಹೆಚ್ಚು ಮಾತಾಡಲಿಲ್ಲ, ಅಷ್ಟೇ. ನನಗೋ, ಆವತ್ತಿನಿಂದ ಪ್ಲಗ್ ಕಂಡರೆ ಕೀಳುವ ಚಾಳಿ. ಫ್ರಿಜ್ಜಿನದನ್ನೂ ಎರಡು ಸಲ ಕಿತ್ತು ಬೈಗುಳ ತಿಂದಿದ್ದೇನೆ.

ಸಂಜೆ ಡ್ಯೂಟಿ ಮುಗಿಸಿ ಅಕ್ಕ ಫೋನ್ ಮಾಡಿದಳು. ಮೊದಲು ಮಗುವನ್ನು ವಿಚಾರಿಸಿದಳು. ಆಮೇಲೆ ಕೇಳಿದಳು. "ಅಂಥದ್ದು ಎಷ್ಟು ಉಂಟು?"

"ಮುನ್ನೂರು."

"ಮುನ್ನೂರು ಮನೆ," ಎಂದಳು. "ಮುನ್ನೂರು ಮನೆಯಲ್ಲೂ ನಿನ್ನಂಥವರು ಬಾಗಿಲಲ್ಲಿ ನಿಂತು ನನಗೆ ಫೋನ್ ಮಾಡುವುದಾ? ನಾನು ಪೇಶಂಟ್ ಬಿಟ್ಟು ಜರ್ಮನಿಯ ಪರದೆ ಆರಿಸಬೇಕಾ ತಮ್ಮಾ?" ಆಮೇಲೆ ದನಿ ತಗ್ಗಿಸಿದಳು. ತಗ್ಗಿಸಿದ ದನಿಯೇ ಹೆಚ್ಚು ಹೆದರಿಕೆಯದು. "ಭಾನುವಾರ ಆ ಡಬ್ಬಿಗಳು ಹೊರಟರೆ ನನ್ನ ಹೆಸರು ವಾಪಸ್ ತೆಗೆದು ಇಲ್ಲಿನ ಸುರಕ್ಷತಾ ಇಲಾಖೆಗೆ ನಾನೇ ಬರೆಯುತ್ತೇನೆ. ನಿನ್ನ ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಯಾರದ್ದಾದರೂ ಮಗು ಹೋದರೆ?"

ಭಾನುವಾರ ಬೆಳಿಗ್ಗೆ ಕರಕಲು ಧೂಪದಾನಿಯನ್ನು ಚೀಲದಲ್ಲಿ ಹಾಕಿಕೊಂಡು ಕಾಕನ ಮುಂದೆ ನಿಂತೆ. ಕೆಲಸ ಹೋದರೆ ಇಕಾಮಾ ಹೋಗುತ್ತದೆ, ಇಕಾಮಾ ಹೋದರೆ ಮೂವರೂ ಗಂಟು ಕಟ್ಟಬೇಕು ಎಂಬ ಲೆಕ್ಕ ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿತ್ತು. ಕಾಕ ಆ ಕರಕಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಆನ್ ಆಗಿದೆ, ಬಿಸಿ ಆಗಿದೆ. ಮತ್ತೆ ಕಂಪ್ಲೇಂಟ್ ಎಂತ? ಇದು ನಿಮ್ಮ ಬಿಲ್ಡಿಂಗಿನ ಕರೆಂಟಿನದ್ದು ಮಾರಾಯ."

"ಬುಡವೇ ಕರಗಿದೆ ಕಾಕ. ತಾನಾಗಿ ಆಫ್ ಆಗ್ಲೇ ಇಲ್ಲ."

"ಪರದೆ ಹತ್ತಿರ ಇಟ್ಟದ್ದು ಯಾರು? ನೀನು. 'ಪರದೆಯಿಂದ ದೂರ ಇಡಿ' ಅಂತ ಒಂದು ಲೈನು ಸೇರಿಸು. ಯಲ್ಲಾ, ಬೇಗ ಮಾಡು, ಗಾಡಿ ಗೋದಾಮಿಗೆ ಬಂದಾಯ್ತು."

"ಎಷ್ಟು ದೂರ ಅಂತ ಬರೀಲಿ? ಪಕ್ಕದ ಮನೆಯಲ್ಲಿ ಇಡಿ ಅಂತಲಾ?"

ಕಾಕ ನಗಲಿಲ್ಲ. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಹದಿನಾಲ್ಕು ವರ್ಷ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಿದವನು. ಆದರೆ ಅಕ್ಕನ ತಗ್ಗಿದ ದನಿ ಕಿವಿಯಲ್ಲಿತ್ತು.

"ಅಕ್ಕ ಹೆಸರು ವಾಪಸ್ ತೆಗೆದುಕೊಳ್ತಾಳಂತೆ ಕಾಕ. ಬೇರೆ ಹೆಸರು ಬೇಕು. ನಿಮ್ಮ ಮಗಳು ಶಬಾನಾ ಜರ್ಮನಿಯಲ್ಲಿ ಓದ್ತಿದ್ದಾಳಲ್ಲ. ಅವಳ ಹೆಸರು ಹಾಕುವನಾ?"

ಕಾಕ ಸುಲೈಮಾನಿಯ ಗ್ಲಾಸನ್ನು ಮೇಜಿನ ಮೇಲಿಟ್ಟರು. "ಅವಳು ಎಂತಕ್ಕೆ? ಅವಳಿಗೆ ಇದೆಲ್ಲ ಎಂತ ಗೊತ್ತುಂಟು?"

"ಗೊತ್ತಿರಬೇಕು ಅಂತ ಇಲ್ಲ ಕಾಕ. ಸುಮ್ಮನೆ ಅಲ್ಲಿ ಇದ್ದರೆ ಸಾಕು."

ಅವರು ಆ ಕರಗಿದ ಬುಡವನ್ನು ಮೇಜಿನ ಅಂಚಿಗೆ ಸರಿಸಿದರು. ಆಮೇಲೆ ಫೋನ್ ತೆಗೆದು ಗೋದಾಮಿಗೆ ಹೇಳಿದರು. "ಭಾಯಿ, ಗಾಡಿ ರೋಕೋ. ನಹೀ, ಕಲ್ ಭೀ ನಹೀ. ಖಲಾಸ್." ಫೋನ್ ಇಟ್ಟು ನನ್ನತ್ತ ತಿರುಗಿ, "ಲವೀನಾ ಹೇಗಿದ್ದಾಳೆ? ಕೈ ಸುಟ್ಟಿತಾ?" ಎಂದರು. ಎರಡು ದಿನದಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಮನೆಗೆ ಹೋಗಿ ನೋಡಿದರೆ ಬಲಗೈಯ ಎರಡು ಬೆರಳಿಗೆ ಬೊಬ್ಬೆ ಬಂದಿತ್ತು. ಅದೇ ಕೈಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು.

ಡಬ್ಬಿಗಳು ಬಂದಲ್ಲಿಗೇ ವಾಪಸ್ ಹೋದವು. ನನ್ನ ಕೆಲಸ ಹೇಗೋ ಉಳಿಯಿತು. ಆದರೆ ಅಕ್ಕ ಬಿಡಲಿಲ್ಲ. ಸಹಿ ಮಾಡಿದ ಮೇಲೆ ತಾನು ನಿಜವಾಗಿಯೂ ಹೊಣೆಗಾರಳು, ಕಡತ ಅರ್ಧಕ್ಕೆ ಮುಚ್ಚುವುದಿಲ್ಲ, ಕಣ್ಣಾರೆ ಕಂಡವನ ಹೇಳಿಕೆ ಬೇಕು ಎಂದಳು. ನಾನು ಪೀಠಿಕೆ ಸಮೇತ ನಾಲ್ಕು ಪುಟ ಬರೆದು ಕಳಿಸಿದೆ. ಅವಳು ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದಳು: "ಬೆಂಕಿ ಉರಿಯುವಾಗ ನೀನು ಏನು ಮಾಡುತ್ತಿದ್ದೆ?" ಮೊದಲು 'ಪರಿಸ್ಥಿತಿಯನ್ನು ಗಮನಿಸುತ್ತಿದ್ದೆ' ಎಂದು ಬರೆದೆ. ಅಳಿಸಿದೆ. 'ಸಂಬಂಧಪಟ್ಟವರನ್ನು ಸಂಪರ್ಕಿಸಿದೆ' ಎಂದು ಬರೆದೆ. ಅದನ್ನೂ ಅಳಿಸಿ, ನಿಜವನ್ನೇ ಬರೆದೆ. ಬರೆಯುವಾಗ ಹೊಳೆಯಿತು. ಆವತ್ತು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ, ಬಿಸಿಯಿರುವಾಗ ಎತ್ತಿ, ಮಗುಚಿ, ಕೈಪಿಡಿಯ ಮಾತುಗಳನ್ನೆಲ್ಲ ಮುರಿದವಳು ಲವೀನಾ. ಅಕ್ಷರಶಃ ಪಾಲಿಸಿದವನು ನಾನೊಬ್ಬನೇ.

ಅಕ್ಕ ಅದನ್ನು ಓದಿ ಅಪಾಯಗಳ ಪಟ್ಟಿಯನ್ನು ತಿದ್ದಲು ಹೇಳಿದಳು. ತಿದ್ದಿದ್ದೇನೆ. ಶಾಖ: ಹೆಚ್ಚು. ಕರಗುವ ಬುಡ: ಹೆಚ್ಚು. ಮೂರನೆಯ ಸಾಲನ್ನು ಅವಳೇ ಫೋನಿನಲ್ಲಿ ಹೇಳಿ ಬರೆಸಿದಳು: ಮಗುವನ್ನು ಬಿಟ್ಟು ಓದುತ್ತಾ ನಿಲ್ಲುವ ಗಂಡಸು. ಅದರ ಎದುರು 'ಹೆಚ್ಚು' ಒತ್ತಿದಾಗ ಕೆಳಗೆ ಎಂಟು ಪ್ರಶ್ನೆಗಳು ತೆರೆದುಕೊಂಡವು. ಈಗ ಎರಡನೆಯದರಲ್ಲಿದ್ದೇನೆ.